‘ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು’ ಎಂಬ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದ ‘ನಿಧನ ವಾರ್ತೆ’ಯಲ್ಲಿ ಆಗಾಗ ಮಾಜಿ ಸೈನಿಕರ ಸುದ್ದಿ ಬರುತ್ತದೆ. ಅಂಚೆಚೀಟಿಯಷ್ಟು ಫೋಟೊ, ಹೆಸರು, ಊರು, ವಯಸ್ಸು. ಕೊನೆಗೆ ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗವಿದೆ’. ಇವೆರಡರ ನಡುವೆ ‘ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು’ ಎಂಬ ಒಂದು ಸಾಲು. ಹದಿನೇಳೋ ಇಪ್ಪತ್ತನಾಲ್ಕೋ ವರ್ಷ ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ಗಡಿಯಲ್ಲಿ ಇದ್ದು ಬಂದ ಮನುಷ್ಯನ ಬದುಕು ಆ ಮೂರು ಪದಗಳಲ್ಲಿ ಮುಗಿದುಹೋಗುತ್ತದೆ.

ಇದು ಪತ್ರಿಕೆಯವರ ತಪ್ಪೆಂದು ನಾವು ಹೇಳುತ್ತಿಲ್ಲ. ವರದಿಗಾರರು ಫೋನ್ ಮಾಡಿ ಕೇಳಿದರೆ ಮನೆಯವರಿಗೇ ಅಷ್ಟು ಗೊತ್ತಿರುತ್ತದೆ. ‘ಅಪ್ಪ ಮಿಲಿಟರಿಯಲ್ಲಿದ್ರು, ಬಾಂಗ್ಲಾ ಯುದ್ಧಕ್ಕೆ ಹೋಗಿದ್ರಂತೆ’ ಎನ್ನುತ್ತಾರೆ. ಆ ‘ಅಂತೆ’ಯ ಆಚೆಗೆ ಯಾವ ಪಲ್ಟನ್, ಯಾವ ಇಸವಿ, ಎಲ್ಲಿ ಎಂಬುದು ತಿಳಿದಿರುವುದಿಲ್ಲ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆ ಬದುಕನ್ನು ಹೇಳುವ ಕಾಗದಗಳೂ ಅವರ ಹೆಂಡತಿಯ ಮುಂದಿನ ದಿನಗಳ ಅನ್ನಕ್ಕೆ ಆಧಾರವಾದ ಕಾಗದಗಳೂ ಒಂದೇ. ಕಾಗದ ಚದುರಿದ ಮನೆಯಲ್ಲಿ ನೆನಪೂ ಹೋಗುತ್ತದೆ, ಪಿಂಚಣಿಯೂ ನಿಲ್ಲುತ್ತದೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ 75ರ ಆಸುಪಾಸಿನಲ್ಲಿದ್ದಾರೆ. ಅವರು ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿರುವಾಗಲೇ ಮಾಡಿ ಮುಗಿಸಬೇಕಾದ ಕೆಲಸ ಇದು. ಹೇಗೆ ಮಾಡಬೇಕು, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ನಿಮ್ಮ ಓದುಗರ ಮುಂದೆ ಇಡಲು ಈ ಪತ್ರ.

ಕೆಲಸ ಶುರುವಾಗಬೇಕಾದದ್ದು ಅಟ್ಟದ ಮೇಲಿರುವ ಕಪ್ಪು ತಗಡಿನ ಟ್ರಂಕಿನಿಂದ. ಪಿಂಚಣಿ ಪಡೆದು ಊರಿಗೆ ಬಂದ ಸೈನಿಕ ಅದನ್ನು ಹೊತ್ತು ತಂದಿರುತ್ತಾನೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ ಬರೆದಿರುತ್ತದೆ. ಆಮೇಲೆ ಜೋಳವನ್ನೋ ಹಾಸಿಗೆಯನ್ನೋ ಇಡಲು ಬೇಕೆಂದು ಅದಕ್ಕೆ ಬೇರೆ ಬಣ್ಣ ಬಳಿಯುತ್ತಾರೆ, ಬರಹ ಮುಚ್ಚಿಹೋಗುತ್ತದೆ. ಮೊದಲು ಆ ಮುಚ್ಚಳದ ಫೋಟೊ ತೆಗೆದುಕೊಳ್ಳಿ. ಬಣ್ಣ ಬಳಿದಿದ್ದರೂ ಚಿಂತೆಯಿಲ್ಲ. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದರೆ ಕೆಳಗಿನ ಅಕ್ಷರಗಳ ಉಬ್ಬು ಕಾಣುತ್ತದೆ. ಕೆಲವು ಟ್ರಂಕುಗಳ ಮೇಲೆ ಒಂದರ ಮೇಲೊಂದು ಎರಡು ಬರಹಗಳಿರುತ್ತವೆ. ನಾಯಕ್ ಇದ್ದವರು ಹವಾಲ್ದಾರರಾದದ್ದು, ಒಂದು ಪಲ್ಟನ್ನಿನಿಂದ ಇನ್ನೊಂದಕ್ಕೆ ಹೋದದ್ದು ಹೀಗೆ ತಗಡಿನ ಮೇಲೆಯೇ ಉಳಿದಿರುತ್ತದೆ.

ನಂಬರನ್ನು ಬರೆದುಕೊಳ್ಳುವಾಗ ಕೊನೆಯ ಇಂಗ್ಲಿಷ್ ಅಕ್ಷರವನ್ನು ಬಿಡಬೇಡಿ. ಅಂಕಿಗಳಷ್ಟೇ ಸಾಕೆಂದು ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ಅಂಕಿ ಸರಿಯಿದೆಯೇ ಎಂದು ತಾಳೆ ನೋಡಲೆಂದೇ ಇರುವ ಅಕ್ಷರ ಅದು. ಅದಿಲ್ಲದ ಅರ್ಜಿ ವಾಪಸು ಬರುತ್ತದೆ. ಇನ್ನೊಂದು ತೊಡಕು ನಾಯಬ್ ಸುಬೇದಾರ್ ಮತ್ತು ಅದಕ್ಕೂ ಮೇಲಿನ ಹುದ್ದೆಗೆ ಏರಿದವರದ್ದು. ಸಿಪಾಯಿಯಾಗಿ ಸೇರಿದಾಗಿನ ನಂಬರು ಬೇರೆ, ಜೆಸಿಒ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್ ಆದ ಮೇಲೆ ‘ಜೆಸಿ’ ಎಂದು ಶುರುವಾಗುವ ನಂಬರು ಬೇರೆ. ಮಕ್ಕಳು ಹಳೆಯ ಫೋಟೊದ ಹಿಂದಿರುವ ನಂಬರನ್ನು ಅರ್ಜಿಯಲ್ಲಿ ತುಂಬುತ್ತಾರೆ, ಕಚೇರಿಯವರು ಇಂಥವರು ನಮ್ಮಲ್ಲಿಲ್ಲ ಎನ್ನುತ್ತಾರೆ. ಎರಡೂ ನಂಬರುಗಳನ್ನು ಒಟ್ಟಿಗೆ ಬರೆದಿಡಿ.

ಟ್ರಂಕಿನ ಒಳಗೆ ಹುಡುಕಬೇಕಾದ ಮುಖ್ಯ ವಸ್ತು ಡಿಸ್ಚಾರ್ಜ್ ಬುಕ್. ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಬಿಡುಗಡೆಗೆ ಕಾರಣ, ಕೊನೆಯ ಹುದ್ದೆ, ಮಾಡಿದ ಕೆಲಸ, ಪದಕಗಳು, ನಡತೆ, ಮೈಮೇಲಿನ ಗುರುತು, ಹೆಂಡತಿ ಮಕ್ಕಳ ವಿವರ ಎಲ್ಲವೂ ಅದರಲ್ಲಿರುತ್ತದೆ. ಒಬ್ಬ ಸೈನಿಕನ ಜೀವನಚರಿತ್ರೆ ಬರೆಯಲು ಇಷ್ಟು ಚಿಕ್ಕ, ಇಷ್ಟು ನಂಬಿಕೆಯ ಪುಸ್ತಕ ಬೇರೆ ಸಿಗಲಾರದು. ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಒಳಗೆ ಸೇರಿದ ಕಾಗದದ ಮೇಲೆ ಮುಂದೆ ಯಾರೂ ಠಸ್ಸೆ ಹಾಕಲಾರರು, ತಿದ್ದುಪಡಿ ಬರೆಯಲಾರರು. ಹರಿದ ಪುಟಕ್ಕೆ ಸೆಲ್ಲೊ ಟೇಪ್ ಅಂಟಿಸಿದರೆ ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಕಪಾಟಿನಲ್ಲಿಟ್ಟರೆ ಗೆದ್ದಲಿನಿಂದ ಉಳಿಯುತ್ತದೆ. ಪ್ರತಿ ಪುಟವನ್ನೂ, ಖಾಲಿ ಪುಟವನ್ನೂ ಸೇರಿಸಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಇಬ್ಬರು ಮಕ್ಕಳ ಹತ್ತಿರ ಒಂದೊಂದು ಪ್ರತಿ ಇರಲಿ. ಅಂಗೈಯಗಲದ ಹಳೆಯ ಫೋಟೊಗಳಿಗೆ 600 ಬೇಕು. ಫೋಟೊದ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ; ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಏಳುತ್ತದೆ.

ಪುಸ್ತಕ ಕಳೆದುಹೋಗಿದ್ದರೆ ಆಯಾ ದಳದ ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲಘು ಪದಾತಿ ದಳದವರಿಗೆ ಅದು ಬೆಳಗಾವಿಯಲ್ಲೇ ಇದೆ. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಅಂದರೆ ಎಂಇಜಿ, ಪ್ಯಾರಾಶೂಟ್ ರೆಜಿಮೆಂಟ್, ಪಯೋನಿಯರ್, ಮಿಲಿಟರಿ ಪೊಲೀಸ್ ಇವರಿಗೆ ಬೆಂಗಳೂರಿನಲ್ಲಿ. ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲ್ಲಿಂಗ್ಟನ್, ಫಿರಂಗಿ ದಳದವರಿಗೆ ನಾಸಿಕ್ ರೋಡ್, ಯಂತ್ರೋಪಕರಣ ದುರಸ್ತಿಯ ಇಎಂಇ ದಳದವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ. ವಾಯುಪಡೆಯವರದ್ದು ದೆಹಲಿಯ ಸುಬ್ರತೋ ಪಾರ್ಕ್. ಇಲ್ಲಿ ಒಂದು ಎಚ್ಚರಿಕೆ. ಪಿಂಚಣಿಗೆ ಬೇಕಾದ 15 ವರ್ಷ ಪೂರೈಸದೆ ಮನೆಗೆ ಬಂದವರ ದಾಖಲೆಗಳನ್ನು ಸೇನೆ 25 ವರ್ಷಗಳ ನಂತರ ನಾಶಮಾಡುತ್ತದೆ. ಎಂಟೋ ಹತ್ತೋ ವರ್ಷ ಸೇವೆ ಮಾಡಿ ಬಂದ ಹಿರಿಯರ ಮನೆಯಲ್ಲಿ ಉಳಿದಿರುವ ಹಾಳೆಯೇ ಬಹುಶಃ ಅವರ ಸೇವೆಯ ಕಡೆಯ ಸಾಕ್ಷಿ. ಅಂಥ ಮನೆಯವರು ನಾಳೆಗೆ ಮುಂದೂಡಬಾರದು.

ಇನ್ನು ಪದಕಗಳು. ಹಬ್ಬಕ್ಕೆ ದೇವರ ಪಾತ್ರೆ ತಿಕ್ಕುವಾಗ ಅವನ್ನೂ ಹುಣಿಸೆಹಣ್ಣು ಹಾಕಿ ತಿಕ್ಕುವ ಮನೆಗಳುಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ದಯವಿಟ್ಟು ಬೇಡ. ಪದಕವನ್ನು ನಾಣ್ಯದಂತೆ ಅಡ್ಡ ಹಿಡಿದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ದಪ್ಪ ಅಂಚಿನ ಸುತ್ತ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು, ದಳ ಕೊರೆದಿರುತ್ತದೆ. ಉಜ್ಜಿದಷ್ಟೂ ಸವೆಯುವುದು ಅದೇ. ಅಂಚಿನಲ್ಲಿರುವ ಹುದ್ದೆ ಕೊನೆಯ ಹುದ್ದೆಗಿಂತ ಕಡಿಮೆಯಿದ್ದರೆ ತಪ್ಪಾಗಿದೆ ಎಂದುಕೊಳ್ಳಬೇಡಿ, ಪದಕಕ್ಕೆ ಅರ್ಹರಾದಾಗ ಅವರು ಇದ್ದ ಹುದ್ದೆ ಅದು. ಅಂಗಡಿಯಿಂದ ತಂದ ನಕಲು ಪದಕದ ಅಂಚು ನುಣ್ಣಗಿರುತ್ತದೆ. ರಿಬ್ಬನ್ ಹರಿದಿದ್ದರೆ 32 ಮಿಲಿಮೀಟರ್ ಅಗಲದ ಅದೇ ಪಟ್ಟೆಯ ಹೊಸ ರಿಬ್ಬನ್ ಹಾಕಿಸಬಹುದು, ಲೋಹವನ್ನು ಮಾತ್ರ ಮುಟ್ಟದಿರಿ.

ಪದಕಗಳನ್ನು ಓದಲು ಬಂದರೆ ಮನುಷ್ಯ ಎಲ್ಲೆಲ್ಲಿದ್ದ ಎಂಬುದು ತಾನಾಗಿ ತಿಳಿಯುತ್ತದೆ. ‘ಸಮರ ಸೇವಾ ಸ್ಟಾರ್’ ಇದ್ದರೆ 1965ರ ಯುದ್ಧದ ರಣರಂಗ. ‘ರಕ್ಷಾ ಪದಕ’ ಮಾತ್ರ ಇದ್ದರೆ ಆ ವರ್ಷ ಸೇವೆಯಲ್ಲಿದ್ದರು, ಕಾದಾಟದ ಪ್ರದೇಶದಲ್ಲೇ ಇದ್ದರೆಂದು ಹೇಳಲಾಗದು. 1971ಕ್ಕೂ ಹೀಗೆಯೇ: ‘ಪೂರ್ವಿ ಸ್ಟಾರ್’ ಎಂದರೆ ಬಾಂಗ್ಲಾ ಕಡೆ, ‘ಪಶ್ಚಿಮಿ ಸ್ಟಾರ್’ ಎಂದರೆ ಪಂಜಾಬ್, ರಾಜಸ್ಥಾನ, ಕಾಶ್ಮೀರದ ಕಡೆ, ‘ಸಂಗ್ರಾಮ ಪದಕ’ ಆಗ ಸೇವೆಯಲ್ಲಿದ್ದವರಿಗೆಲ್ಲ. ‘ಬಾಂಗ್ಲಾ ಯುದ್ಧಕ್ಕೆ ಹೋಗಿದ್ರಂತೆ’ ಎಂಬ ಮಾತು ನಿಜವೋ ಅಲ್ಲವೋ ಈ ಒಂದು ನಕ್ಷತ್ರ ಹೇಳಿಬಿಡುತ್ತದೆ. ರಿಬ್ಬನ್ನಿನ ಮೇಲೆ ಅಡ್ಡಲಾಗಿ ಕೂತ ಲೋಹದ ಪಟ್ಟಿಯನ್ನೂ ಓದಿ. ವಿಶೇಷ ಸೇವಾ ಪದಕದ ಮೇಲೆ ‘ಶ್ರೀಲಂಕಾ’ ಎಂದಿದ್ದರೆ 1987ರಿಂದ 1990ರ ನಡುವೆ ಶಾಂತಿಪಾಲನಾ ಪಡೆಯಲ್ಲಿದ್ದವರು. ‘ಆಪರೇಷನ್ ವಿಜಯ್ ಸ್ಟಾರ್’ ಕಾರ್ಗಿಲ್‌ನದು. ‘ಸಿಯಾಚಿನ್’ ಪದಕವಂತೂ ಹೆಸರೇ ಹೇಳುತ್ತದೆ.

ದಾಖಲೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಕಥೆಯೇ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಮಿಸ್ಟೀರ್ ವಿಮಾನಗಳಲ್ಲಿ ಅವರದ್ದು ಬೇರೊಂದು ಕೈಕೊಟ್ಟರೆ ಹೋಗಲೆಂದು ಕಾಯ್ದಿಟ್ಟ ವಿಮಾನ. ಮರಳಿ ಬರಲಿಲ್ಲ. ಕಣ್ಮರೆಯಾದವರ ಪಟ್ಟಿಗೆ ಹೆಸರು ಸೇರಿತು, ಅಷ್ಟೇ. ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ವಿಮಾನದೊಂದಿಗೆ ಒಬ್ಬರೇ ಕಾದಾಡಿ ಅದನ್ನು ಕೆಡವಿದ್ದರು ಎಂಬುದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಎದುರು ಪಕ್ಷದ ಕಡೆಯಿಂದ ವಿವರ ಹೊರಬಂದ ಮೇಲೆ ತಿಳಿಯಿತು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಅವರ ಮನೆಯವರು ಆ ಮಾತಿಗಾಗಿ 23 ವರ್ಷ ಕಾದರು. ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಆದರೆ ಪಲ್ಟನ್ನಿನಲ್ಲಿ ಅಡುಗೆ ಮಾಡಿದ, ಲಾರಿ ಓಡಿಸಿದ, ಸೇತುವೆ ಕಟ್ಟಿದ ನಮ್ಮ ಪಕ್ಕದ ಮನೆಯವರಿಗೆ ಸಂಗ್ರಹಾಲಯವೆಂದರೆ ಆ ಟ್ರಂಕು ಒಂದೇ.

ಅದೇ ಟ್ರಂಕಿನಲ್ಲಿ ಪತ್ರಗಳ ಕಟ್ಟು ಇದ್ದರೆ ಅದನ್ನು ಹೆಂಡತಿಯ ಒಪ್ಪಿಗೆ ಪಡೆದೇ ಬಿಚ್ಚಿ, ಅವು ಅವರಿಬ್ಬರ ನಡುವಿನ ಮಾತು. ಒಳಗಿನ ಸಾಲು ಓದದಿದ್ದರೂ ಹೊರಗಿನ ವಿಳಾಸ ಬಹಳ ಹೇಳುತ್ತದೆ. ಸೇನೆಯವರ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ, ಪಲ್ಟನ್ ಬರೆದು ‘56 ಎಪಿಒ’ ಅಥವಾ ‘99 ಎಪಿಒ’ ಎಂದಿರುತ್ತದೆ; ಎಪಿಒ ಎಂದರೆ ಸೇನಾ ಅಂಚೆ ಕಚೇರಿ. 56 ದೆಹಲಿಯ ಮೂಲಕ ಹೋಗುವ ಅಂಚೆ, 99 ಕೋಲ್ಕತ್ತದ ಮೂಲಕ ಪೂರ್ವಕ್ಕೆ ಹೋಗುವುದು. ಇನ್‌ಲ್ಯಾಂಡ್ ಪತ್ರದ ಮೇಲಿನ ಅಂಚೆ ಮುದ್ರೆಯ ತಾರೀಖಿನ ಪ್ರಕಾರ ಪತ್ರಗಳನ್ನು ಸಾಲಾಗಿ ಜೋಡಿಸಿದರೆ ಯಾವ ವರ್ಷ ಪೂರ್ವದಲ್ಲಿದ್ದರು, ಯಾವಾಗ ಪಶ್ಚಿಮಕ್ಕೆ ಬಂದರು ಎಂಬುದು ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಮನಿಯಾರ್ಡರ್ ಫಾರಂನ ಕೆಳತುದಿಯ ಚೀಟಿ ಸಿಕ್ಕರೆ ಎಸೆಯಬೇಡಿ. ‘ಎಮ್ಮೆ ಕೊಳ್ಳಲು’, ‘ತಂಗಿಯ ಸೀರೆಗೆ’ ಎಂದು ಎರಡು ಪದ ಬರೆಯುವಷ್ಟೇ ಜಾಗ ಅದರಲ್ಲಿ ಇರುತ್ತಿತ್ತು. ಸಂಸಾರವನ್ನು ಆ ಎರಡು ಪದಗಳಲ್ಲಿ ನಡೆಸಿದವರು ಇವರು.

ಕಾಗದ ಮುಗಿದ ಮೇಲೆ ಬಾಯಿಮಾತು. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಆಮೇಲೆ ಹಿರಿಯರಿಗೆ ದಣಿವಾಗುತ್ತದೆ. ಬಾಗಿಲ ಹೊರಗೆ ಟ್ರ್ಯಾಕ್ಟರ್, ಒಳಗೆ ಮಿಕ್ಸರ್ ಸದ್ದಿದ್ದರೆ ಆಮೇಲೆ ಏನೂ ಕೇಳಿಸುವುದಿಲ್ಲ. ‘ಯುದ್ಧ ಹೇಗಿತ್ತು?’ ಎಂದು ಕೇಳಿದರೆ ಬಹುತೇಕರು ‘ಏನಿರುತ್ತೆ, ಇತ್ತು’ ಎಂದು ಸುಮ್ಮನಾಗುತ್ತಾರೆ. ಭರ್ತಿಗೆ ಯಾವ ಊರಿಗೆ ಹೋದಿರಿ, ಎದೆಯಳತೆ ತೆಗೆದವರು ಏನೆಂದರು, ರೈಲು ಎಲ್ಲಿ ಬದಲಾಯಿಸಿದಿರಿ, ಮೊದಲ ಪಗಾರ ಎಷ್ಟು, ಊಟಕ್ಕೆ ರೊಟ್ಟಿ ಸಿಗುತ್ತಿತ್ತೇ, ಹಿಂದಿ ಕಲಿಸಿದವರು ಯಾರು, ಪಕ್ಕದ ಹಾಸಿಗೆಯವರು ಯಾವ ಊರಿನವರು ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ನೆನಪಿಗೆ ಬಂದ ಗೆಳೆಯ ಸತ್ತಿದ್ದರೆ ಅವರು ಅಲ್ಲೇ ನಿಲ್ಲಿಸುತ್ತಾರೆ. ಅಲ್ಲಿಗೆ ಫೋನ್ ಆರಿಸಿ, ಒತ್ತಾಯ ಮಾಡಬೇಡಿ.

ಅಜ್ಜಿಯನ್ನು ಬೇರೆಯಾಗಿ ಕೂರಿಸಿ ಕೇಳಿ. ಗಂಡ ಎದುರಿಗಿದ್ದರೆ ಅವರು ಒಳಗೆ ಎದ್ದು ಹೋಗುತ್ತಾರೆ. ಈಗಿನ ಲೆಕ್ಕದಲ್ಲಿ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವೂ ಕಡಿತವಾಗದೆ ಸಿಕ್ಕಿತೆಂದು ಹಿಡಿದರೂ 17 ವರ್ಷಕ್ಕೆ 1,530 ದಿನ, ಅಂದರೆ ನಾಲ್ಕು ವರ್ಷದ ಮೇಲೆ ಎರಡು ತಿಂಗಳು ಚಿಲ್ಲರೆ. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕ ಒಂದೆರಡು ಅವಧಿ ಬಿಟ್ಟರೆ ಉಳಿದ ಕಾಲ ಹೊಲ, ದನ, ಅತ್ತೆ ಮಾವ, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಂಡವರು ಅಜ್ಜಿ. ಅವರ ಮಾತಿಲ್ಲದೆ ಸೈನಿಕನ ಸಂಸಾರದ ಕಥೆ ಅರ್ಧ.

ಆ ಅಜ್ಜಿಯ ಹೆಸರೇ ಕಾಗದದಲ್ಲಿ ತಪ್ಪಾಗಿರುತ್ತದೆ. ನಮ್ಮ ಕಡೆ ಇದು ಬಹಳ. ಊರಲ್ಲಿ ಶಾಂತವ್ವ, ಸೇನೆಯ ದಾಖಲೆಯಲ್ಲಿ ಗುಮಾಸ್ತರು ಬರೆದ ಶಾಂತಾಬಾಯಿ, ಆಧಾರ್ ಕಾರ್ಡಿನಲ್ಲಿ ಶಾಂತಮ್ಮ, ಬ್ಯಾಂಕಿನಲ್ಲಿ ಗಂಡನ ಹೆಸರೂ ಅಡ್ಡಹೆಸರೂ ಸೇರಿ ಇನ್ನೊಂದು. ನಾಲ್ವರೂ ಒಬ್ಬರೇ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಹಳೇ ಮೈಸೂರಿನ ಕಡೆ ಇನಿಷಿಯಲ್ ತೊಡಕು: ಡಿಸ್ಚಾರ್ಜ್ ಬುಕ್ಕಿನಲ್ಲಿ ಮೂರು ಅಕ್ಷರ, ಆಧಾರ್‌ನಲ್ಲಿ ಅದನ್ನು ಬಿಡಿಸಿ ಬರೆದ ಊರಿನ ಹೆಸರು, ತಂದೆಯ ಹೆಸರು. ಗಂಡ ಬದುಕಿರುವಾಗ ಇದನ್ನು ಸರಿಪಡಿಸುವುದು ಸುಲಭ. ಪಿಂಚಣಿದಾರರೇ ಸಹಿ ಹಾಕಿ, ಅಫಿಡವಿಟ್, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್ ಪ್ರತಿಗಳೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿದರೆ ಸೇವಾ ದಾಖಲೆಯನ್ನು ತಿದ್ದುವ ‘ಪಾರ್ಟ್ ಟು ಆರ್ಡರ್’ ಹೊರಡುತ್ತದೆ. ಅವರು ಹೋದ ಮೇಲೆ ಅದೇ ಕೆಲಸಕ್ಕೆ ಅಜ್ಜಿ ತಾನು ಅವರ ಹೆಂಡತಿ ಎಂದು ಸಾಬೀತು ಮಾಡುತ್ತಾ ಕಚೇರಿ ಅಲೆಯಬೇಕು. ಐವತ್ತು ವರ್ಷ ಸಂಸಾರ ಮಾಡಿದವರನ್ನು ಆ ಸ್ಥಿತಿಗೆ ತರಬಾರದು.

ಜನ್ಮದಿನಾಂಕದ್ದೂ ಇದೇ ಕಥೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಮ್ಮ ನಾಡಿನ ಅರ್ಧ ಜನರ ಹುಟ್ಟುಹಬ್ಬ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹುಟ್ಟಿದ ವರ್ಷವೇ ಕೆಲವೆಡೆ 1899 ಎಂದೂ ಕೆಲವೆಡೆ 1900 ಎಂದೂ ಅಚ್ಚಾಗಿದೆ. ದೊಡ್ಡವರ ವಿಷಯದಲ್ಲಿ ಅದರಿಂದ ನಷ್ಟವಿಲ್ಲ. ಅಜ್ಜಿಯ ವಿಷಯದಲ್ಲಿ ಇದೆ. ಕುಟುಂಬ ಪಿಂಚಣಿ 80 ವರ್ಷ ತುಂಬಿದಾಗ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಶೇ 100 ಹೆಚ್ಚಾಗುತ್ತದೆ. ಆದೇಶದಲ್ಲಿ ಅವರ ಜನ್ಮದಿನಾಂಕ ಇಲ್ಲದಿದ್ದರೆ ಅಥವಾ ನಾಲ್ಕು ವರ್ಷ ಚಿಕ್ಕವರೆಂದು ಬರೆದಿದ್ದರೆ ಆ ಹೆಚ್ಚಳ ಅಷ್ಟು ವರ್ಷ ಬರುವುದಿಲ್ಲ. ಬಹಳ ಹಳೆಯ ಆದೇಶಗಳಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಇವತ್ತೇ ಪಿಪಿಒ, ಅಂದರೆ ಪಿಂಚಣಿ ಆದೇಶ ತೆಗೆದು ಆ ಒಂದು ಸಾಲು ನೋಡಿ. ಅಂಗವಿಕಲ ಮಗುವಿದ್ದರೆ ಅದರ ಹೆಸರನ್ನೂ ತಂದೆ ಬದುಕಿರುವಾಗಲೇ ದಾಖಲಿಸಬೇಕು. ದುಡಿಯಲಾಗದ ಮಗುವಿಗೆ ಜೀವನಪೂರ್ತಿ ಪಿಂಚಣಿಯ ಹಕ್ಕಿದೆ.

ಹುದ್ದೆ ಮತ್ತು ಸೇವಾವಧಿಯನ್ನೂ ತಾಳೆ ನೋಡಬೇಕು. ‘ಒಂದು ಹುದ್ದೆ ಒಂದು ಪಿಂಚಣಿ’ಯ ಕೋಷ್ಟಕ ಹುದ್ದೆ, ಗ್ರೂಪ್, ಸೇವೆಯ ವರ್ಷ ಈ ಮೂರರ ಮೇಲೆ ನಿಂತಿದೆ, 2014ರ ಜುಲೈನಿಂದ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. 17 ವರ್ಷವೋ ಹದಿನೇಳೂವರೆಯೋ ಎಂಬುದರಿಂದಲೂ ಮೊತ್ತ ಬದಲಾಗುತ್ತದೆ. ಬಿಡುಗಡೆಯ ಹೊತ್ತಿಗೆ ಗೌರವ ನಾಯಬ್ ಸುಬೇದಾರ್ ಹುದ್ದೆ ಸಿಕ್ಕಿದ ಹವಾಲ್ದಾರರ ಮನೆಯವರು ಅದರ ಪತ್ರವನ್ನು ಕೈಬಿಡಲೇಬಾರದು.

ಸಾವು ಸಂಭವಿಸಿದ ಮನೆಯಲ್ಲಿ ಇದನ್ನೆಲ್ಲ ಹೇಳುವುದು ಕಷ್ಟ, ಆದರೆ ಯಾರಾದರೂ ಹೇಳಲೇಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಹೆಸರು ಪಿಪಿಒನಲ್ಲಿ ಇರುವಂತೆಯೇ ಬರೆಸಿ. ಕಾಗುಣಿತದ ತಪ್ಪು ಅಲ್ಲಿ ಸೇರಿದರೆ ಮುಂದಿನ ಪ್ರತಿ ಕಾಗದಕ್ಕೂ ಅಂಟುತ್ತದೆ. ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ‘ಸ್ಪರ್ಶ್’ನಲ್ಲಿ ಮರಣದ ಸುದ್ದಿಯನ್ನು ಬೇಗ ತಿಳಿಸಬೇಕು. ಮಾಡಲು ಬಾರದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಅಥವಾ ಸಾಮಾನ್ಯ ಸೇವಾ ಕೇಂದ್ರದ ನೆರವು ಪಡೆಯಬಹುದು. ತೀರಿಕೊಂಡ ದಿನದವರೆಗೆ ಅವರ ಪಿಂಚಣಿ, ಮರುದಿನದಿಂದ ಹೆಂಡತಿಯ ಕುಟುಂಬ ಪಿಂಚಣಿ. ಇಲ್ಲಿ ನಡೆಯುವ ದೊಡ್ಡ ಎಡವಟ್ಟು ಎಟಿಎಂ ಕಾರ್ಡಿನದು. ತಿಥಿಯ ಖರ್ಚಿಗೆಂದು ಮಗ ಅಪ್ಪನ ಕಾರ್ಡಿನಿಂದ ಮುಂದಿನ ತಿಂಗಳ ಹಣ ತೆಗೆಯುತ್ತಾನೆ. ಅದು ಹೆಚ್ಚುವರಿ ಪಾವತಿ ಎಂದು ಲೆಕ್ಕಕ್ಕೆ ಬಂದು ಅವ್ವನ ಪಿಂಚಣಿಯಲ್ಲಿ ಮುರಿದುಕೊಳ್ಳಲಾಗುತ್ತದೆ.

ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಕನಿಷ್ಠ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ನಿವೃತ್ತರು ಬೇಗ ತೀರಿಕೊಂಡರೆ ಏಳು ವರ್ಷದವರೆಗೆ ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಶೇ 50ರ ದರ. ಆ ಅವಧಿ ಮುಗಿದಾಗ ಮೊತ್ತ ಇಳಿಯುತ್ತದೆ, ಬ್ಯಾಂಕಿನವರು ಮೋಸ ಮಾಡಿದರೆಂದು ಮನೆಯವರು ಗಾಬರಿಯಾಗುತ್ತಾರೆ. ಗಂಡ ಪಿಂಚಣಿಯ ಒಂದು ಭಾಗವನ್ನು ಇಡುಗಂಟಾಗಿ ಪಡೆದಿದ್ದರೂ ಹೆಂಡತಿಯ ಪಿಂಚಣಿಯಲ್ಲಿ ಅದನ್ನು ಕಡಿಯುವುದಿಲ್ಲ. ಸೇನೆಯ ಗುಂಪು ವಿಮೆ ನಿವೃತ್ತಿಯ ನಂತರವೂ ಒಂದು ಮಿತಿಯವರೆಗೆ ಮುಂದುವರಿದಿರುತ್ತದೆ, ಅದರ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ ಮಡಚಿಕೊಂಡು ಬಿದ್ದಿರುತ್ತದೆ. ಅವಧಿಯನ್ನು ಅದರಲ್ಲೇ ಓದಿಕೊಳ್ಳಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್ ಮತ್ತು ಕ್ಯಾಂಟೀನ್ ಕಾರ್ಡುಗಳನ್ನು ಅಜ್ಜಿಯ ಹೆಸರಿಗೆ ಬದಲಾಯಿಸಿಕೊಳ್ಳಬೇಕು, ಜಿಲ್ಲಾ ಕಚೇರಿಯಿಂದ ಅವರದೇ ಗುರುತಿನ ಚೀಟಿ ಪಡೆಯಬೇಕು.

ಅಂತ್ಯಸಂಸ್ಕಾರದ ಬಗ್ಗೆ ಒಂದು ಮಾತು, ನೋಯಿಸಲು ಅಲ್ಲ. ನಿವೃತ್ತರ ಪಾರ್ಥಿವ ಶರೀರದ ಮೇಲೆ ಮನೆಯವರೋ ಗೆಳೆಯರೋ ತಾವಾಗಿ ರಾಷ್ಟ್ರಧ್ವಜ ಹೊದಿಸುತ್ತಾರೆ. ಸರ್ಕಾರಿ, ಸೇನಾ ಅಥವಾ ಅರೆಸೇನಾ ಗೌರವದ ಅಂತ್ಯಕ್ರಿಯೆಯ ಹೊರತು ಧ್ವಜವನ್ನು ಹೀಗೆ ಹೊದಿಸುವುದನ್ನು 1971ರ ರಾಷ್ಟ್ರಗೌರವ ಕಾಯ್ದೆ ಒಪ್ಪುವುದಿಲ್ಲ. ಅಂಥ ಗೌರವ ದೊರೆತಾಗಲೂ ಕೇಸರಿ ತಲೆಯ ಕಡೆಗಿರಬೇಕು, ಧ್ವಜವನ್ನು ಚಿತೆಯಲ್ಲಿ ಸುಡಬಾರದು, ಗುಂಡಿಗೆ ಇಳಿಸಬಾರದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೂಡಲೇ ತಿಳಿಸಿದರೆ ಹತ್ತಿರದ ಸೇನಾ ನೆಲೆಯಿಂದ ಪುಷ್ಪಚಕ್ರ ಇಡಲು ಯಾರಾದರೂ ಬರಬಹುದೇ ಎಂದು ವಿಚಾರಿಸಬಹುದು. ಅದಾಗದಿದ್ದರೆ ದಿಂಬಿನ ಮೇಲೆ ಪದಕಗಳನ್ನು ಜೋಡಿಸಿ, ಅವರ ಟೋಪಿಯನ್ನಿಟ್ಟರೆ ಅದಕ್ಕಿಂತ ಚೆಂದದ ಗೌರವವಿಲ್ಲ. ಮುಂದೆ ಸಮಾರಂಭಗಳಲ್ಲಿ ಹೆಂಡತಿಯೋ ಮಕ್ಕಳೋ ಆ ಪದಕ ಧರಿಸುವುದಾದರೆ ಎದೆಯ ಬಲಭಾಗದಲ್ಲಿ ಧರಿಸುವುದು ರೂಢಿ, ಎಡಭಾಗ ಗಳಿಸಿದವರದ್ದು.

ಈಗ ನಿಮ್ಮಲ್ಲಿ ನಮ್ಮ ಬೇಡಿಕೆ. ನಿಧನ ವಾರ್ತೆಗೆ ಮನೆಯವರು ವಿವರ ಕೊಟ್ಟಾಗ ನಾಲ್ಕೈದು ಪ್ರಶ್ನೆ ಹೆಚ್ಚಿಗೆ ಕೇಳುವಂತೆ ವರದಿಗಾರರಿಗೆ ಹೇಳಿ: ಕೊನೆಯ ಹುದ್ದೆ, ದಳ ಮತ್ತು ಬಟಾಲಿಯನ್, ಸೇರಿದ ಹಾಗೂ ಬಿಡುಗಡೆಯಾದ ವರ್ಷ, ಮುಖ್ಯ ಪದಕ, ಊರಿಗೆ ಬಂದ ಮೇಲೆ ಮಾಡಿದ ಕೆಲಸ. ‘ಮರಾಠಾ ಲಘು ಪದಾತಿ ದಳದಲ್ಲಿ 1964ರಿಂದ 1981ರವರೆಗೆ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು, 1965ರ ಸಮರ ಸೇವಾ ಸ್ಟಾರ್ ಹೊಂದಿದವರು, ಊರಿನ ಹಾಲಿನ ಸಂಘದ ಲೆಕ್ಕ ನೋಡಿಕೊಂಡವರು’ ಎಂದರೆ ಎಷ್ಟು ಜಾಗ ಹಿಡಿಯುತ್ತದೆ? ಎರಡು ಅಂಗುಲದ ಅಂಕಣದಲ್ಲಿ ಸೇರುತ್ತದೆ. ‘ನಿವೃತ್ತ ಕರ್ನಲ್’ ಎಂಬುದರ ಬದಲು ‘ಕರ್ನಲ್’ ಎಂದು ಬರೆದು ಹೆಸರಿನ ನಂತರ ‘ನಿವೃತ್ತ’ ಎಂದು ಹಾಕಿ, ನಿವೃತ್ತರಾಗುವುದು ಮನುಷ್ಯ, ಹುದ್ದೆಯಲ್ಲ. ಗೌರವ ಕ್ಯಾಪ್ಟನ್ ಆದವರಿಗೆ ‘ಗೌರವ’ ಪದವನ್ನು ಬಿಡಬೇಡಿ. ಸಿಪಾಯಿಯಾಗಿ ಸೇರಿ ಅಲ್ಲಿಯವರೆಗೆ ಏರಿದ್ದು ಆ ಪದದಲ್ಲೇ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರ ದಳದ ಹೆಸರನ್ನೇ ಬರೆಯಿರಿ, ಅವರ ಸೇವೆಗೂ ಅದರದೇ ಘನತೆಯಿದೆ. ಮನೆಯಲ್ಲಿ ವಯೋಸಹಜವಾಗಿ ತೀರಿಕೊಂಡವರಿಗೆ ‘ಹುತಾತ್ಮ’ ಎಂಬ ಪದ ಹೊಂದುವುದಿಲ್ಲ.

ಸೇನಾ ನಂಬರು, ಪಿಪಿಒ ನಂಬರು, ಮನೆಯ ಫೋನ್ ನಂಬರು ಇವನ್ನು ಮಾತ್ರ ಅಚ್ಚು ಹಾಕಬೇಡಿ. ನಿಧನ ವಾರ್ತೆ ನೋಡಿಕೊಂಡೇ ವಿಧವೆಯರಿಗೆ ಕರೆ ಮಾಡಿ, ‘ಪಿಂಚಣಿ ಕಚೇರಿಯಿಂದ’ ಎಂದು ಹೇಳಿ, ಒಟಿಪಿ ಕೇಳಿ ಖಾತೆ ಬರಿದು ಮಾಡುವವರಿದ್ದಾರೆ. ಪಿಂಚಣಿ ಕಚೇರಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ ಎಂಬ ಸಾಲನ್ನು ಅದೇ ಪುಟದಲ್ಲಿ ಹಾಕಿದರೆ ಉಪಕಾರವಾದೀತು.

ಕಾರ್ಯಪ್ಪನವರು 1953ರ ಜನವರಿ 14ರಂದು ನಿವೃತ್ತರಾದರು. ಆ ದಿನವನ್ನೇ ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. 1965ರಲ್ಲಿ ಅವರ ಮಗನ ಯುದ್ಧವಿಮಾನ ಪಾಕಿಸ್ತಾನದಲ್ಲಿ ಉರುಳಿ, ಮಗ ಸೆರೆಯಾದಾಗ, ಆತನಿಗೆ ಬೇರೆ ಉಪಚಾರ ಬೇಡ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ ಎಂದರೆಂದು ಪ್ರಸಿದ್ಧವಾಗಿದೆ. ಬರುವ ಜನವರಿ 14ರ ಸಂಚಿಕೆಯಲ್ಲಿ ನಿಮ್ಮ ಪತ್ರಿಕೆ ಅರ್ಧ ಪುಟದ ಒಂದು ಖಾಲಿ ನಮೂನೆ ಅಚ್ಚು ಹಾಕಲಿ, ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಳ್ಳುವಂತೆ ಸುತ್ತ ಚುಕ್ಕೆಗೆರೆ ಇರಲಿ. ಎರಡೂ ನಂಬರುಗಳು, ದಳ, ಸೇರಿದ ದಿನ, ಬಿಟ್ಟ ದಿನ, ಪದಕಗಳು, ರೆಕಾರ್ಡ್ ಆಫೀಸಿನ ಊರು ಎಂಬ ಸಾಲುಗಳ ಕೆಳಗೆ ಹೆಂಡತಿಯ ಹೆಸರು ಆಧಾರ್‌ನಲ್ಲಿ ಇರುವಂತೆ, ಪಿಪಿಒನಲ್ಲಿ ಇರುವಂತೆ ಎಂದು ಪಕ್ಕಪಕ್ಕದಲ್ಲಿ ಎರಡು ಜಾಗ ಬಿಡಿ. ಅವೆರಡೂ ಬೇರೆಬೇರೆಯಾಗಿ ಕಂಡ ಮನೆಯವರು ಮರುದಿನವೇ ಜಿಲ್ಲಾ ಕಚೇರಿಗೆ ಹೊರಡುತ್ತಾರೆ.

ಇಂತಿ,
ಮಾಜಿ ಸೈನಿಕರ ಕುಟುಂಬಗಳ ಕಾಗದಪತ್ರಗಳಿಗೆ ನೆರವಾಗುವ ಕೆಲವರು,
ಬೆಳಗಾವಿ